ಪಂಪಿಗೆ ಕಂಬಳಿ ಹೊದೆಸುವವ

ಶಿರಸಿಗೆ ಬಂದು ಹದಿನೈದು ದಿನ ಆಗಿಲ್ಲ, ಅಷ್ಟರಲ್ಲೇ ನನಗೊಂದು ಹೊಸ ಹೆಸರು ಬಿದ್ದಿದೆ. ಇಟ್ಟವನು ಅಣ್ಣ. ಈಗ ಕೇರಿಯವರೆಲ್ಲ ಅದನ್ನೇ ಹಿಡಿದುಕೊಂಡಿದ್ದಾರೆ.

ಆದದ್ದು ಇಷ್ಟೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಿದ್ದೆವು. ಸುಲಿಯುವ ಮಷಿನ್ ನಮ್ಮಲ್ಲೂ ಇದೆ, ಆದರೆ ಅವತ್ತು ಕರೆಂಟ್ ಇರಲಿಲ್ಲ. ಮೆಟ್ಟುಗತ್ತಿ ಇಟ್ಟುಕೊಂಡು ಆರೇಳು ಜನ, ಬಾಯಲ್ಲಿ ಕವಳ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಿನ್ನ ಕೆಲಸ ಹೇಗೆ ಅಂತ ಯಾರೋ ಕೇಳಿದರು. ವ್ಯಾನಿನಲ್ಲಿ ಟ್ಯಾಂಕ್, ಪಂಪ್ ಇಟ್ಟುಕೊಂಡು ಮನೆಮನೆಗೆ ಹೋಗಿ ಕಿಟಕಿ ತೊಳೆಯುತ್ತೇನೆ ಅಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಚಳಿಗಾಲದಲ್ಲಿ ರಾತ್ರಿ ಪಂಪಿಗೆ ಕಂಬಳಿ ಹೊದೆಸಿ, ಪಕ್ಕದಲ್ಲೊಂದು ಹೀಟರ್ ಹಚ್ಚಿಟ್ಟು ಬಂದು ಮಲಗುತ್ತೇನೆ ಅಂತಲೂ ಹೇಳಿಬಿಟ್ಟೆ.

ಕತ್ತಿಗಳೆಲ್ಲ ಒಮ್ಮೆಲೇ ನಿಂತವು.

"ಪಂಪಿಗೆ ಕಂಬಳಿಯಾ?" ಅಂದ ಅಣ್ಣ. "ಜೋಜೋ ಹಾಡೂ ಹೇಳ್ತ್ಯಾ ತಮಾ?"

ಬಿದ್ದು ಬಿದ್ದು ನಕ್ಕರು. ಆಯಿ ಕೂಡ ಒಳಗಿಂದ ನಕ್ಕಿದ್ದು ಕೇಳಿಸಿತು. ಅಣ್ಣನ ಮಗ ಒಬ್ಬನೇ, ಏಳನೇ ಕ್ಲಾಸಿನವನು, ಫ್ರೀಜರಿನಲ್ಲಿ ಬಾಟಲಿ ಇಟ್ಟು ಮರೆತರೆ ಒಡೆಯುವುದಿಲ್ಲವಾ, ಹಾಗೇ ಅದು ಅಂತ ನನ್ನ ಪರ ವಾದ ಮಾಡಿದ. ಅವನ ಮಾತು ಯಾರಿಗೆ ಬೇಕು.

ನನಗೆ ಸ್ವಲ್ಪ ಸಿಟ್ಟು ಬಂತು. ಯಾಕೆಂದರೆ ಆ ಕಂಬಳಿಯ ಹಿಂದೆ ಒಂದು ಕಥೆಯಿದೆ, ಅದರಲ್ಲಿ ಪೆದ್ದ ನಾನೇ. ನನ್ನನ್ನು ಪೆದ್ದನನ್ನಾಗಿ ಮಾಡಿದ್ದು ಇದೇ ಜಗಲಿಯಲ್ಲಿ ಕಲಿತ ಎರಡು ಶಬ್ದ: ನಾಳೆ ನೋಡನ.

ವ್ಯಾನ್ ತೆಗೆದುಕೊಂಡ ಮೊದಲ ವರ್ಷ. ನವೆಂಬರ್ ಕೊನೆ. ಅಲ್ಲಿ ಆಗ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಕೈ ಮರಗಟ್ಟಿತ್ತು, ಹೊಟ್ಟೆ ಹಸಿದಿತ್ತು. ವ್ಯಾನನ್ನು ಮನೆ ಮುಂದೆ ನಿಲ್ಲಿಸಿ, ಪೈಪ್ ಸುತ್ತಿ, ಒಳಗೆ ಹೋದೆ. ಪಂಪಿನಲ್ಲಿ, ಫಿಲ್ಟರಿನಲ್ಲಿ, ಪೈಪಿನಲ್ಲಿ ನೀರು ಹಾಗೇ ಇತ್ತು. ಇದ್ದರೆ ಏನಾಯಿತು, ನಾಳೆ ನೋಡಿದರಾಯಿತು. ಬೆಳಿಗ್ಗೆ ಮೈನಸ್ ನಾಲ್ಕು. ಸ್ವಿಚ್ ಹಾಕಿದೆ. ಪಂಪ್ ಒಂದು ಸಲ ಗೊರ್ ಅಂತು, ಸುಮ್ಮನಾಯಿತು. ಮತ್ತೆ ಹಾಕಿದೆ. ಅದು ಎರಡನೇ ತಪ್ಪು. ಪಂಪಿನ ತಲೆ ಉದ್ದಕ್ಕೆ ಸೀಳಿತ್ತು. ಫಿಲ್ಟರಿನ ಪ್ಲಾಸ್ಟಿಕ್ ಬಟ್ಟಲು ಬಿರುಕು ಬಿಟ್ಟಿತ್ತು. ಪೈಪ್ ಜೋಡಿಸುವ ಕೊಂಡಿಗಳಲ್ಲೂ ಎರಡು ಹೋಗಿದ್ದವು.

ಪಕ್ಕದ ಬೀದಿಯಲ್ಲಿ ಇದೇ ಕೆಲಸ ಮಾಡುವ ಮುದುಕ ಒಬ್ಬನಿದ್ದಾನೆ. ಆ ದಾರಿಯಲ್ಲಿ ಬಂದವನು ನಿಂತು ನೋಡಿದ. ಬೈಯಲಿಲ್ಲ. ರಾತ್ರಿ ಇವಳನ್ನು ಮಲಗಿಸಲಿಲ್ಲವಾ ಅಂತ ಕೇಳಿದ, ಅಷ್ಟೆ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಅವನ ವ್ಯಾನ್ ನೋಡಿದ ಮೇಲೆ ನನಗೆ ವಿಷಯ ಗೊತ್ತಾಯಿತು. ನೀರು ಮಂಜುಗಡ್ಡೆ ಆಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ದೊಡ್ಡ ಟ್ಯಾಂಕಿಗೆ ಅದರಿಂದ ಅಷ್ಟು ತೊಂದರೆ ಇಲ್ಲ. ನಾಲ್ಕುನೂರು ಲೀಟರ್ ನೀರು ಒಂದೇ ರಾತ್ರಿಯಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ, ಅದರ ಬಿಸಿ ಇಳಿಯಲಿಕ್ಕೇ ಹೊತ್ತು ಬೇಕು. ಮೊದಲು ಸಾಯುವುದು ಸಣ್ಣವು. ಬೆರಳಿಗಿಂತ ಸಣ್ಣ ಪೈಪ್, ಅಂಗೈಯಗಲದ ಪಂಪ್, ಫಿಲ್ಟರ್. ಒಳಗಿರುವ ನೀರು ಒಂದು ಲೋಟ, ಒಡೆಯುವುದು ಸಾವಿರಾರು ರೂಪಾಯಿಯ ಸಾಮಾನು.

ಕುಮಟೆಯ ಭಾವ ಅವತ್ತು ಜಗಲಿಯಲ್ಲೇ ಇದ್ದ. ಅವನು ಇದಕ್ಕೊಂದು ಔಷಧ ಹೇಳಿದ: "ಒಂದು ಮುಷ್ಟಿ ಸಾಣಿಕಟ್ಟಾ ಉಪ್ಪು ಹಾಕು ಮಾರಾಯ, ಹೆಪ್ಪುಗಟ್ಟುವುದೇ ಇಲ್ಲ." ಒಂದು ಮುಷ್ಟಿ ಸಾಲದು, ಆದರೂ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಉಪ್ಪುನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ. ಆದರೆ ನಮ್ಮ ದಂಧೆ ನಿಂತಿರುವುದೇ ನೀರಿನಲ್ಲಿ ಏನೂ ಇರಬಾರದು ಎನ್ನುವುದರ ಮೇಲೆ. ನಲ್ಲಿ ನೀರನ್ನು ಆರ್‌ಓಗೆ ಹಾಕಿ, ಅದರಿಂದ ಬಂದದ್ದನ್ನು ಮತ್ತೆ ಉಳಿದ ಲವಣ ಹೀರುವ ರೆಸಿನ್‌ನಲ್ಲಿ ಹಾಯಿಸಿ, ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವವರೆಗೆ ಸೋಸುತ್ತೇವೆ. ಆಗ ಗಾಜನ್ನು ಬಟ್ಟೆಯಲ್ಲಿ ಒರೆಸುವ ಕೆಲಸವೇ ಇಲ್ಲ. ಕೋಲಿನ ತುದಿಯ ಬ್ರಷ್‌ನಲ್ಲಿ ಉಜ್ಜಿ, ನೀರು ಬಿಟ್ಟು ಬಂದರೆ ತಾನಾಗಿ ಒಣಗುತ್ತದೆ, ಒಂದು ಕಲೆ ಉಳಿಯುವುದಿಲ್ಲ. ಉಪ್ಪು ಹಾಕಿದರೆ ಗಾಜಿನ ತುಂಬ ಬಿಳಿ ಚುಕ್ಕಿ. ಕಾರಿಗೆ ಹಾಕುವ ಆಂಟಿಫ್ರೀಜ್ ಕೂಡ ನಡೆಯುವುದಿಲ್ಲ. ಹಾಗಾಗಿ ಚಳಿಯನ್ನು ದೂರ ಇಡುವುದೊಂದೇ ದಾರಿ.

ಈಗ ನನ್ನ ಸಂಜೆ ಹೀಗಿರುತ್ತದೆ. ಕೊನೆಯ ಮನೆ ಮುಗಿದ ಮೇಲೆ ಪಂಪ್ ಆರಿಸಿ, ಕೋಲಿನ ತುದಿಯಲ್ಲಿ ನೀರು ಬಿಟ್ಟು ಪೈಪಿನ ಒತ್ತಡ ಇಳಿಸುತ್ತೇನೆ. ಫಿಲ್ಟರಿನ ಬಟ್ಟಲು ಬಿಚ್ಚಿ ನೀರು ಚೆಲ್ಲುತ್ತೇನೆ. ಕೋಲಿನೊಳಗಿನ ಪೈಪ್, ಬ್ರಷ್, ರೆಸಿನ್ ಡಬ್ಬಿ ಮನೆಯೊಳಗೆ ಬರುತ್ತವೆ. ಆರ್‌ಓ ಮೊದಲೇ ಒಳಗಿರುತ್ತದೆ. ಅದರ ಮೆಂಬ್ರೇನ್, ಅಂದರೆ ಸೋಸುವ ಪೊರೆ, ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ, ಹಾಗಂತ ಒಣಗಲೂ ಬಿಡಬಾರದು. ಬಚ್ಚಲಿನಲ್ಲಿ ಕಾಲಿಡಲು ಜಾಗ ಇಲ್ಲ ಅಂತ ಹೆಂಡತಿ ಗೊಣಗುತ್ತಾಳೆ. ಆಮೇಲೆ ವ್ಯಾನಿನೊಳಗೆ ಒಂದು ಕೊಳವೆ ಹೀಟರ್. ಗಿಡ ಬೆಳೆಸುವ ಗಾಜಿನ ಮನೆಗೆ ಇಡುತ್ತಾರಲ್ಲ, ಅಂಥದ್ದು. ಬಲ್ಬಿನಷ್ಟೇ ಕರೆಂಟ್ ತಿನ್ನುತ್ತದೆ. ಒಳಗೆ ಐದು ಡಿಗ್ರಿಗಿಂತ ಕೆಳಗಿಳಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಮುಚ್ಚಿದ ವ್ಯಾನಿನಲ್ಲಿ ಗ್ಯಾಸ್ ಒಲೆ ಹಚ್ಚಿಡುವವರೂ ಇದ್ದಾರೆ. ಆ ಹುಚ್ಚು ಬೇಡವೇ ಬೇಡ, ಬೆಂಕಿಯ ಭಯ ಒಂದಾದರೆ ವಿಷದ ಹೊಗೆಯ ಭಯ ಇನ್ನೊಂದು. ಕೊನೆಗೆ ಪಂಪಿಗೆ ಆ ಕಂಬಳಿ, ಹೀಟರಿಗೆ ತಾಗದ ಹಾಗೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಬೆಳಿಗ್ಗೆಯದ್ದೂ ಒಂದು ಲೆಕ್ಕ ಇದೆ. ಕೈಯಲ್ಲಿ ಪೈಪ್ ಹಿಚುಕಿ ನೋಡದೆ ಪಂಪ್ ಹಾಕುವ ಹಾಗಿಲ್ಲ. ಒಳಗೆ ಕರಕರ ಅಂದರೆ ಕಾಯಬೇಕು. ನೆಲದ ಮೇಲೆ ಚೆಲ್ಲಿದ ನೀರು ಗಾಜಿನಂತಾಗಿ ಯಾರಾದರೂ ಜಾರಿ ಬಿದ್ದರೆ ನನ್ನ ತಲೆಗೇ ಬರುತ್ತದೆ, ಅದಕ್ಕೆ ಬಿಸಿಲು ಬೀಳುವ ಬದಿಯ ಮನೆಗಳು ಮೊದಲು.

ಒಂದು ವಿಚಿತ್ರ ಹೇಳುತ್ತೇನೆ. ಇಲ್ಲಿ ಆಕಾಶ ತಿಳಿಯಾಗಿ ನಕ್ಷತ್ರ ಕಂಡರೆ ಅಂಗಳದಲ್ಲಿ ಚಾಪೆ ಹಾಸಿ ಮಲಗೋಣ ಅನಿಸುತ್ತದೆ. ಅಲ್ಲಿ ನಕ್ಷತ್ರ ಕಂಡರೆ ಎದೆ ಧಸಕ್ ಅನ್ನುತ್ತದೆ. ಮೋಡ ಇದ್ದರೆ ಅದೇ ಹೊದಿಕೆ, ನೆಲದ ಬಿಸಿ ಅಷ್ಟು ಬೇಗ ಮೇಲೆ ಹೋಗುವುದಿಲ್ಲ. ಮೋಡ ಇಲ್ಲದ ರಾತ್ರಿಯೇ ಹಿಮ ಕೂರುವುದು. ಊಟದ ಮಧ್ಯೆ ಕಿಟಕಿಯಾಚೆ ನೋಡಿ, ಎದ್ದು, ಬೂಟು ಹಾಕಿಕೊಂಡು ಹೊರಗೆ ಹೋದದ್ದಿದೆ.

ಇದನ್ನೆಲ್ಲ ವಿವರಿಸಿದ ಮೇಲೂ ನಗು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಸುಮ್ನೆ ಕೊಟ್ಟಿಗೆ ಕಡೆ ಹೋದೆ. ಅಲ್ಲಿ ನನಗೆ ಬೇಕಾದದ್ದು ಸಿಕ್ಕಿತು.

ಮೂಲೆಯಲ್ಲಿ ಅಣ್ಣನ ಹೊಸ ದೋಟಿ, ಅಡಿಕೆ ಗೊನೆ (ನಮ್ಮಲ್ಲಿ ಕೊನೆ) ಕೊಯ್ಯುವ ಉದ್ದ ಕೋಲು. ಕಾರ್ಬನ್ ಫೈಬರಿನದು. ಎಳೆದರೆ ಒಂದರೊಳಗಿಂದ ಒಂದು ಬಂದು ಅರವತ್ತು ಅಡಿಯವರೆಗೆ ಏಳುತ್ತದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದು ಕಷ್ಟವಾದ ಮೇಲೆ ಊರಲ್ಲಿ ಹಲವರು ತಂದಿದ್ದಾರೆ. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು, ಇದು ನನ್ನದೇ ಕೋಲು! ಅದೇ ತೂಕ, ಅದೇ ಹಿಡಿ, ಅದೇ ಟಕ್ ಅನ್ನುವ ಕ್ಲಾಂಪ್. ನನ್ನದರ ತುದಿಗೆ ಬ್ರಷ್, ಅವನದಕ್ಕೆ ಕೊನೆ ಕೊಯ್ಯುವ ಕತ್ತಿ, ಮದ್ದು ಹೊಡೆಯುವಾಗ ನಾಝಲ್. ನಾನು ಮೂರನೇ ಮಹಡಿಯ ಗಾಜಿಗೆ ನೀರು ಬಿಡುತ್ತೇನೆ, ಅವನು ಅಡಿಕೆ ಕೊನೆಗೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಮದ್ದು, ಬಿಡುತ್ತಾನೆ. ಏಳು ಸಾವಿರ ಕಿಲೋಮೀಟರಿಗಿಂತ ದೂರ ಹೋಗಿ ನಾನು ಮಾಡುತ್ತಿರುವುದು ಕೊನೆಗೂ ದೋಟಿ ಹಿಡಿಯುವ ಕೆಲಸವೇ! ನಗು ಬಂತು.

ಆದರೆ ದೋಟಿಯ ಪಕ್ಕದಲ್ಲೇ ಸ್ಪ್ರೇ ಪಂಪ್ ಇತ್ತು. ಕಳೆದ ಮಳೆಗಾಲದಲ್ಲಿ ಎರಡನೇ ಮದ್ದು ಹೊಡೆದ ಮೇಲೆ ಹೇಗೆ ತಂದು ಇಟ್ಟಿದ್ದನೋ ಹಾಗೇ. ಪೈಪಿನ ಬಾಯಲ್ಲಿ ನೀಲಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ನಾಝಲ್ ಕಟ್ಟಿಕೊಂಡಿತ್ತು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಅಂತ ಅಣ್ಣನಿಗೆ ಗೊತ್ತಿಲ್ಲವಾ? ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಅಂತ ನಿದ್ದೆಯಲ್ಲೂ ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಬರೀ ನೀರು ಓಡಿಸಿದ್ದರೆ ಮುಗಿಯುತ್ತಿತ್ತು. ಆ ಹತ್ತು ನಿಮಿಷ ನಮ್ಮೂರಿನಲ್ಲಿ ಯಾರ ಹತ್ತಿರವೂ ಇಲ್ಲ. ಮೇ ಕೊನೆಯಲ್ಲಿ ಮೋಡ ಕಟ್ಟಿದಾಗ ಎಲ್ಲರೂ ಒಟ್ಟಿಗೆ ಪಂಪ್ ಹೊರಗೆ ಎಳೆಯುತ್ತಾರೆ, ಎಲ್ಲರ ಪಂಪೂ ಹಾಳಾಗಿರುತ್ತದೆ, ಪೇಟೆಯಲ್ಲಿ ವಾಷರ್ ಸಿಗುವುದಿಲ್ಲ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಅಡಿಕೆಗೆ ಕೊಳೆ ರೋಗ ಬಂತು ಅಂತ ಆಮೇಲೆ ತಲೆ ಮೇಲೆ ಕೈ.

ನನ್ನ ಕಂಬಳಿಗೆ ನಗುವವರು ಇವರು.

ಇಲ್ಲಿನ ಹವೆ ನಮ್ಮನ್ನು ಹಾಳು ಮಾಡಿದೆ ಅಂತ ನನಗೆ ಅನಿಸುತ್ತದೆ. ಶಿರಸಿಯ ಚಳಿ ಅಂದರೆ ಮುಂಜಾನೆ ಹಂಡೆ ಒಲೆಯ ಮುಂದೆ ಕೂರಲು ಒಂದು ನೆಪ. ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಅದೂ ಇಲ್ಲ, ಜನವರಿಯಲ್ಲೂ ಫ್ಯಾನ್. ಇಲ್ಲಿ ತಪ್ಪು ಮಾಡಿದರೆ ತಪ್ಪು ನಿಧಾನಕ್ಕೆ ಬೆಳೆಯುತ್ತದೆ. ತುಕ್ಕು ಹಿಡಿಯಲು ತಿಂಗಳುಗಳು ಬೇಕು, ಪಾಚಿ ಕಟ್ಟಲು ವಾರಗಳು. ನಡುವೆ ಹತ್ತು ಸಲ ನಾಳೆ ನೋಡನ ಅಂದರೂ ನಡೆಯುತ್ತದೆ. ಅಲ್ಲಿ ಒಂದೇ ರಾತ್ರಿ. ಸಂಜೆ ಸೋಮಾರಿಯಾದವನಿಗೆ ಬೆಳಿಗ್ಗೆಯೇ ಬಿಲ್ ಬರುತ್ತದೆ.

ಈ ಮಾತನ್ನು ಆಯಿಯ ಹತ್ತಿರ ಹೇಳಿದೆ. ಹೇಳಬಾರದಿತ್ತು. ಆಯಿ ಹಿತ್ತಿಲಿನ ಮಣ್ಣಿನ ಗೋಡೆ ತೋರಿಸಿದಳು. ಅಪ್ಪ ಇದ್ದಾಗ ಮೇ ತಿಂಗಳಲ್ಲಿ ಮಳೆ ತಾಗದ ಹಾಗೆ ಅದಕ್ಕೆ ಸೋಗೆ ತಟ್ಟಿ ಕಟ್ಟದ ವರ್ಷ ಯಾವುದು ಅಂತ ಕೇಳಿದಳು. ಕಟ್ಟಿಗೆ ಅಟ್ಟಕ್ಕೆ ಏರದೆ, ದರಕು (ಒಣ ಎಲೆ) ಒಳಗೆ ಬಾರದೆ, ಹಪ್ಪಳ ಸಂಡಿಗೆ ಡಬ್ಬಿ ತುಂಬದೆ ಮಳೆ ಹಿಡಿದದ್ದು ಯಾವತ್ತು? ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ಆ ಗೋಡೆ ಇನ್ನೂ ನಿಂತಿದೆ. ಅಪ್ಪ ಮದ್ದು ಹೊಡೆದ ದಿನ ಪಂಪ್ ತೊಳೆಯದೆ ಊಟಕ್ಕೆ ಕೂತವನಲ್ಲ, ಅದೂ ನಿಜ. ಬೋರ್ಡೋ ಸರಿಯಾಗಿದೆಯಾ ಅಂತ ಉಜ್ಜಿದ ಕತ್ತಿಯ ತುದಿ ಅದ್ದಿ, ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕುತ್ತಿದ್ದ. ಹಾಗಾದರೆ ಹವೆಯನ್ನು ಬೈಯುವ ಹಾಗಿಲ್ಲ. ಅಣ್ಣನನ್ನು ಬೈಯಬಹುದು.

ಇನ್ನೊಂದು ನೆನಪನ್ನು ಬರೆಯದೆ ಬಿಡೋಣ ಅಂದುಕೊಂಡಿದ್ದೆ. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತು, ಕೊನಿಂಗ್ಸ್‌ಬಿ ಎಂಬಲ್ಲಿ 40.3. ಚಳಿಗೆ ಅಷ್ಟೆಲ್ಲ ಶಿಸ್ತು ಮಾಡುವ ಆ ಮುದುಕ ಅವತ್ತು ವ್ಯಾನನ್ನು ಬಿಸಿಲಲ್ಲಿ ನಿಲ್ಲಿಸಿ, ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಒಳಗೆ ಬೆಂದುಹೋಗಿ ಕೂತಿದ್ದ. ಹಗಲು ಕಿಟಕಿ ಮುಚ್ಚು, ಪರದೆ ಎಳೆ, ಸಂಜೆ ತೆರೆ ಅಂತ ನಾನೇ ಹೋಗಿ ಹೇಳಿದೆ. ಮಜ್ಜಿಗೆ ಮಾಡಿ ಕೊಟ್ಟೆ. ಅವನಿಗೆ ಹೊಳೆಯಲೇ ಇಲ್ಲ ನೋಡಿ, ಅಷ್ಟು ವರ್ಷ ಬದುಕಿದವನಿಗೆ.

ಮೊನ್ನೆ ರಾತ್ರಿ ಮೊಬೈಲ್ ತೆಗೆದು ಲೀಡ್ಸ್ ಹವಾಮಾನ ನೋಡಿದೆ. ಮೈನಸ್ ಐದು. ಬರುವ ಮೊದಲು ಎಲ್ಲ ನೀರು ಖಾಲಿ ಮಾಡಿ ಬಂದಿದ್ದೇನೆ, ಆದರೂ ಪಂಪಿನ ಕೆಳಗಿನ ಕೊಂಡಿ ಬಿಚ್ಚಿದ್ದೆನಾ ಅಂತ ಅನುಮಾನ. ನಿದ್ದೆ ಬರಲಿಲ್ಲ. ಜಗಲಿಗೆ ಬಂದರೆ ಅಣ್ಣ ಒಬ್ಬನೇ ಸುಲಿಯುತ್ತಿದ್ದ. ನಾನೂ ಒಂದು ಕತ್ತಿ ಎಳೆದುಕೊಂಡೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಆ ಒಡೆದ ಪಂಪ್ ಎಂತ ಮಾಡ್ದೆ?"

"ಎಸೆದೆ. ಹೊಸದು ತಂದೆ."

"ಮೋಟ್ರು ಸರಿ ಇತ್ತಾ?"

"ಇತ್ತು. ತಲೆ ಮಾತ್ರ ಸೀಳಿತ್ತು."

ಅಣ್ಣ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಕೊಟ್ಟಿಗೆಯ ಆ ನೀಲಿ ಹಿಡಿದ ಪಂಪ್ ಅಪ್ಪನ ಕಾಲದ್ದು. ಮೂರು ಸಲ ವಾಷರ್ ಬದಲಾಗಿದೆ, ಒಂದು ಕಡೆ ಸೈಕಲ್ ಟ್ಯೂಬ್ ಬಿಗಿದಿದ್ದಾನೆ, ಈಗಲೂ ಮೇ ತಿಂಗಳಲ್ಲಿ ಎರಡು ದಿನ ಕೂತು ಅದನ್ನು ಓಡಿಸುತ್ತಾನೆ.

"ಮತ್ತೆ ಎಂತಕ್ಕೆ ಎಸ್ದೆ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದುಕೊಂಡ.