ವ್ಯಾಟ್ ಕೇಳಬ್ಯಾಡ್ರಿ, ಫಿಲ್ಟರ್ ಬಿಚ್ಚಿ ತೋರ್ಸು ಅನ್ರಿ

ದಸರಾಕ್ಕ ಮನಿ ಸ್ವಚ್ಛ ಮಾಡೋ ದಿನ ಹತ್ತರ ಬಂತಂದ್ರ ಹುಬ್ಬಳ್ಳಿ ಕೊಪ್ಪಿಕರ ರೋಡಿನ ಅಂಗಡ್ಯಾಗ ವ್ಯಾಕ್ಯೂಮ್ ಕ್ಲೀನರ್ ಕೇಳವರು ಹೆಚ್ಚಾಗತಾರ. ಎಲ್ಲಾರ ಮೊದಲನೇ ಪ್ರಶ್ನಿ ಒಂದ: "ಎಷ್ಟು ವ್ಯಾಟ್ ಐತ್ರಿ?" ಅಂಗಡಿಯವರೂ "1,600 ಐತ್ರಿ ಸರ, ಜಬರದಸ್ತ್ ಜಗ್ಗತೈತಿ" ಅಂತಾರ. ಆ ಅಂಕಿ ಹೇಳೂದು ಮಷಿನ್ ಕರೆಂಟ್ ಎಷ್ಟು ತಿಂತೈತಿ ಅನ್ನೂದನ್ನ. ಧೂಳ ಎಷ್ಟು ಜಗ್ಗತೈತಿ ಅನ್ನೂದು ಬ್ಯಾರೆ ಮಾತು. ಯುರೋಪಿನಾಗ 2014ಕ್ಕ 1,600 ವ್ಯಾಟ್, 2017ಕ್ಕ 900 ವ್ಯಾಟ್ ಅಂತ ಮಿತಿ ಹಾಕಿದ್ರು. ವ್ಯಾಟ್ ಇಳೀತಂತ ಅಲ್ಲಿ ಯಾರ ಮನ್ಯಾಗೂ ಧೂಳ ಹಂಗ ಉಳಿಲಿಲ್ಲ, ಕಂಪನಿಯವರು ಫ್ಯಾನು, ನಳಗಿ, ಬಾಯಿ ಸುಧಾರಿಸಿದ್ರು ಅಷ್ಟ.

ಡಬ್ಬಿ ಮ್ಯಾಲೆ ಇನ್ನೆರಡು ಅಂಕಿ ಇರತಾವ. ಒಂದು ಕಿಲೋಪಾಸ್ಕಲ್, ಇನ್ನೊಂದು ನಿಮಿಷಕ್ಕ ಎಷ್ಟು ಲೀಟರ್ ಗಾಳಿ. 20 ಕಿಲೋಪಾಸ್ಕಲ್ ಅಂದ್ರ ನೀರನ್ನ ಪೈಪಿನೊಳಗ ಸುಮಾರು 2 ಮೀಟರ್ ಮ್ಯಾಲೆ ಎಳಿಯುವಷ್ಟು ಜಗ್ಗು. ಆದ್ರ ಅದನ್ನ ಅಳಿಯೂದು ನಳಗಿ ಬಾಯಿ ಪೂರಾ ಮುಚ್ಚಿ, ಗಾಳಿ ಒಟ್ಟ ಹರಿಯದಿದ್ದಾಗ. ಲೀಟರ್ ಅಂಕಿ ತಗಿಯೂದು ಬಾಯಿ ಪೂರಾ ತೆರೆದಿಟ್ಟು, ಜಗ್ಗು ಒಟ್ಟ ಇರದಿದ್ದಾಗ. ನಿಮ್ಮ ಗಾದಿ ಮ್ಯಾಲೆ ಕೆಲಸ ನಡಿಯೂದು ಇವೆರಡರ ನಡುವ. ಅದಕ್ಕ ಎರಡೂ ಅಂಕಿ ಹಾಕಿರೋ ಮಷಿನ್ ನೋಡ್ರಿ. ಬರೇ ಒಂದ ಅಂಕಿ ದೊಡ್ಡ ಅಕ್ಷರದಾಗ ಹಾಕಿದ್ರ ಇನ್ನೊಂದು ಸಣ್ಣದೈತಿ ಅಂತ ತಿಳಕೊಂಡ್ರೂ ನಡಿತೈತಿ.

ನಮ್ಮ ಕಡೆ ಇದಕ್ಕಿಂತ ದೊಡ್ಡ ತಕರಾರು ಧೂಳಿಂದ. ನವಲಗುಂದ, ಗದಗ ಕಡೆ ಎರಿಭೂಮಿ. ಬ್ಯಾಸಗಿ ಗಾಳಿಗೆ ಏಳೋ ಎರಿಮಣ್ಣಿನ ಧೂಳ ಮುಖಕ್ಕ ಹಚ್ಚೋ ಪೌಡರ್ ಇದ್ದಂಗ ಇರತೈತಿ. ಮಾಳಗಿ ಮನ್ಯಾಗ ಜಂತಿ ಸಂದ್ಯಾಗಿಂದ ಮಣ್ಣು ಉದರೂದು ನಿಲ್ಲಂಗಿಲ್ಲ. ಇಂಥ ಧೂಳ ಬ್ಯಾಗ್ ತುಂಬೋಕಿಂತ ಮೊದಲ ಅದರ ರಂಧ್ರ ಮುಚ್ಚತೈತಿ. ಬಿಚ್ಚಿ ನೋಡಿದ್ರ ಬ್ಯಾಗ್ ಕಾಲ್ಭಾಗನೂ ತುಂಬಿರಂಗಿಲ್ಲ, ಆದ್ರ ಮಷಿನ್ ಜಗ್ಗಂಗಿಲ್ಲ. "ಮೋಟರ್ ಹೋತು" ಅಂತ ರಿಪೇರಿಗೆ ಒಯ್ಯೋ ಎಷ್ಟೋ ಮಷಿನಿನ ರೋಗ ಇಷ್ಟ.

ಇದನ್ನ ಕಿವಿಯಿಂದನ ಹಿಡೀಬಹುದು. ಮಷಿನ್ ಚಾಲೂ ಮಾಡಿ ನಳಗಿ ಬಾಯಿಗೆ ಅಂಗೈ ಒತ್ತಿ ಹಿಡೀರಿ. ಸಪ್ಪಳ ಗುಂಯ್ ಅನ್ನೂದು ಹೋಗಿ ಕೀಂಯ್ ಅಂತ ಏರತೈತಿ. ಗಾಳಿ ಬರದಿದ್ರ ಫ್ಯಾನಿಗೆ ಹೊರಿ ಕಡಿಮಿ, ಅದಕ್ಕ ಮೋಟರ್ ಇನ್ನೂ ಜೋರ್ ತಿರಗತೈತಿ. ಮನ್ಯಾಗ ಕಸ ಎಳಿಯುಮುಂದ, ಕೈ ಅಡ್ಡ ಇರದ ಈ ಕೀಂಯ್ ಬಂತಂದ್ರ ಫಿಲ್ಟರ್ ಕಟ್ಟೈತಿ ಇಲ್ಲಾ ನಳಗ್ಯಾಗ ಏನೋ ಸಿಕ್ಕೈತಿ. "ಏನ್ ಜೋರ್ ಐತಿ ನೋಡ್" ಅಂತ ಖುಷಿ ಪಟ್ಟು ಮುಂದವರಿಸಬ್ಯಾಡ್ರಿ. ಭಾಳ ಮಷಿನಿನಾಗ ಮೋಟರ್ ತಣ್ಣಗ ಇರೂದು ಜಗ್ಗಿದ ಅದ ಗಾಳಿಯಿಂದ. ಗಾಳಿ ನಿಂತ್ರ ಮೋಟರ್ ಕಾಯತೈತಿ. ಥರ್ಮಲ್ ಕಟಾಫ್ ಇದ್ರ ತಾನ ಬಂದ್ ಆಗಿ, ಆರಿದ ಮ್ಯಾಲೆ ಮತ್ತ ಚಾಲೂ ಆಗತೈತಿ. ಇರದಿದ್ರ ಸುಟ್ಟ ವಾಸನಿ ಬರತೈತಿ.

ಹಿಂಗಾಗಿ ಅಂಗಡ್ಯಾಗ ಮೊದಲ ಕೆಲಸ ಫಿಲ್ಟರ್ ಬಿಚ್ಚಸೂದು. ಕೈಯಿಂದ ಬಿಚ್ಚಾಕ ಬರತೈತೇನು, ಸ್ಕ್ರೂಡ್ರೈವರ್ ಬೇಕೇನು? ಸುತ್ತ ರಬ್ಬರ್ ಐತೇನು? ಬ್ಯಾರೆ ಫಿಲ್ಟರ್ ಹುಬ್ಬಳ್ಳ್ಯಾಗ ಸಿಗತೈತೇನು? ಹೆಪಾ ಅಂದ್ರ ಅತೀ ಸಣ್ಣ ಧೂಳ ಹಿಡಿಯೋ ಫಿಲ್ಟರ್. ಬರೇ "ಹೆಪಾ ಟೈಪ್" ಅಂತ ಹಾಕಿದ್ರ ಅದು ಜಾಹೀರಾತು, ಎಚ್13 ಅಂತ ದರ್ಜೆ ಹಾಕಿದ್ರ ಅದಕ್ಕೊಂದು ಲೆಕ್ಕ ಐತಿ: ಹಿಡಿಯಾಕ ಅತೀ ಕಷ್ಟದ ಗಾತ್ರದ ಕಣದಾಗೂ 99.95% ಹಿಡೀಬೇಕು. ಆದ್ರ ರಬ್ಬರ್ ಸಡಲಿದ್ರ ಎಚ್13 ಇದ್ದೂ ಉಪಯೋಗಿಲ್ಲ, ಧೂಳ ಬಾಜೂಕಿನಿಂದ ಹೊರಗ ಬರತೈತಿ. ಪರೀಕ್ಷಾ ಸಸ್ತಾದಾಗ ಆಗತೈತಿ. ಒಂದು ಹಿಡಿ ಎರಿಮಣ್ಣು ಜರಡಿ ಹಿಡಿದು ಪುಡಿಕಿ ಕಟ್ಟಕೊಂಡು ಹೋಗ್ರಿ. ಅಂಗಡ್ಯಾಗ ಅದನ್ನ ಎಳಿಸಿ, ಗಾಳಿ ಹೊರಬರೋ ಕಡೆ ಮೊಬೈಲ್ ಟಾರ್ಚ್ ಬಿಡ್ರಿ. ಬೆಳಕಿನಾಗ ಕಣ ಹಾರ್ಯಾಡಿದ್ರ ಆ ಮಷಿನ್ ಅಲ್ಲೇ ಬಿಟ್ಟು ಬರ್ರಿ. ಅಂಗಡಿಯವರು ಒಲ್ಲೆ ಅಂದ್ರ ಅದೂ ಒಂದು ಉತ್ತರನ.

ಈಗ ಯಾವ ಥರದ್ದು? ನನ್ನ ಮತ ಕೇಳಿದ್ರ, ಹೊಲದ ಧೂಳ ಬರೋ ಮನಿಗೆ ನೀರು, ಒಣ ಧೂಳ ಎರಡೂ ಎಳಿಯೋ ಡ್ರಮ್ಮಿನ ವೆಟ್ ಅಂಡ್ ಡ್ರೈ ಮಷಿನ್, ಒಳಗ ಬಟ್ಟಿಯಂಥ ನಾನ್‌ವೋವನ್ ಬ್ಯಾಗ್ ಹಾಕಿ. ನೋಡಾಕ ಚಂದ ಇಲ್ಲ, ಗದ್ದಲನೂ ಭಾಳ. ಆದ್ರ 15–20 ಲೀಟರ್ ಡ್ರಮ್, ಒಳಗ ಬ್ಯಾಗು, ಅದರ ಹಿಂದ ಫಿಲ್ಟರ್, ಹಿಂಗ ಧೂಳಿಗೆ ಎರಡು ತಡಿ. ಬ್ಯಾಗ್ ಮುಕ್ಕಾಲು ತುಂಬಿದ ಕೂಡ್ಲೆ ತಗೀರಿ, ಪೂರಾ ತುಂಬಲಿ ಅಂತ ಕಾಯಬ್ಯಾಡ್ರಿ. ಗಾಳಿ ಸುತ್ತಿಸಿ ಧೂಳ ಡಬ್ಬಿಗೆ ಬೀಳಸೋ, ಬ್ಯಾಗಿಲ್ಲದ ಸೈಕ್ಲೋನ್ ಮಷಿನಿನಾಗ ಬ್ಯಾಗಿನ ಖರ್ಚು ಉಳಿತೈತಿ ಖರೆ, ಆದ್ರ ಡಬ್ಬಿ ಝಾಡಿಸೋವಾಗ ಜಗ್ಗಿದ ಧೂಳದಾಗ ಅರ್ಧ ನಿಮ್ಮ ಮೂಗಿಗೆ ಬರತೈತಿ. ದಮ್ಮು, ಅಲರ್ಜಿ ಇದ್ದ ಮನಿಗೆ ಅದು ಬ್ಯಾಡ.

ನೀರು ಎಳಿಯುಮುಂದ ಒಂದು ತಪ್ಪು ಎಲ್ಲಾರೂ ಮಾಡತಾರ. ಒಣ ಬ್ಯಾಗು, ಒಣ ಫಿಲ್ಟರ್ ತಗದು ಸ್ಪಂಜಿನದು ಹಾಕಬೇಕು. ಇಲ್ಲಂದ್ರ ಎರಿಮಣ್ಣು ಫಿಲ್ಟರಿನ ಮಡಿಕ್ಯಾಗ ಕೆಸರಾಗಿ, ಒಣಗಿ ಇಟ್ಟಂಗಿ ಆಗತೈತಿ. ಡ್ರಮ್ ತುಂಬಿದ್ರ ಒಳಗಿನ ಫ್ಲೋಟ್ ಮ್ಯಾಲೆ ಬಂದು ಜಗ್ಗೂದನ್ನ ನಿಲ್ಲಸತೈತಿ, ಆಗೂ ಅದ ಕೀಂಯ್ ಸಪ್ಪಳ. ಸಬಕಾರದ ನೀರು ಮಾತ್ರ ಎಳಿಸಬ್ಯಾಡ್ರಿ. ನೊರಿಗೆ ಫ್ಲೋಟ್ ಏಳಂಗಿಲ್ಲ, ನೊರಿ ಸೀದಾ ಮೋಟರಿಗೆ ಹೋಗತೈತಿ.

ಜ್ವಾಳದ ಹಿಟ್ಟು, ಖಾರದ ಪುಡಿ, ಸುಣ್ಣ, ಸಿಮೆಂಟ್, ಒಲಿ ಬೂದಿ: ಇವು ವ್ಯಾಕ್ಯೂಮಿಗೆ ಅಲ್ಲ. ರೊಟ್ಟಿ ಬಡಿದ ಜಾಗಾ ಕಸಬರಿಗಿಯಿಂದ ಬಳದು ಒದ್ದಿ ಅರಿವಿ ಹಾಕ್ರಿ. ಹಿಟ್ಟು ಫಿಲ್ಟರಿನ ಮಡಿಕಿಗೆ ಮೆತ್ತಿಕೊಂಡು, ಮಳಿಗಾಲದ ತಂಪಿಗೆ ನಾದಿದ ಹಿಟ್ಟಿನಂಗ ಆಗತೈತಿ. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮಿ ಅಂತ ಧೈರ್ಯ ಮಾಡಬ್ಯಾಡ್ರಿ. ಅದರ ಪುಡಿ ಫಿಲ್ಟರಿನಾಗ ಕುಂತು, ಮುಂದಿನ ವಾರ ಪಡಸಾಲಿ ಝಾಡಿಸೋವಾಗ ಮನಿಮಂದಿಯೆಲ್ಲಾ ಸೀನತೀರಿ. ಬೂದಿ ಆರೈತಿ ಅನಿಸಿದ್ರೂ ಒಳಗ ಕೆಂಡ ಉಳಿದಿರತೈತಿ, ಬ್ಯಾಗಿಗೆ ಬೆಂಕಿ ಹತ್ತತೈತಿ.

ನಳಗಿ ತುದಿಯ ಬಾಯಿ ಬಗ್ಗೆ ಯಾರೂ ಕೇಳಂಗಿಲ್ಲ. ಶಹಾಬಾದ್ ಫರಸಿ, ಟೈಲ್ಸ್ ಇದ್ದಲ್ಲಿ ಗರಗರ ತಿರಗೋ ಗಡಸು ಬ್ರಶ್ ಬ್ಯಾಡ, ಅದು ಜ್ವಾಳ, ಸಾಸಿವಿ ಕಾಳನ್ನ ಎಳಿಯೋ ಬದಲಿ ಮೂಲಿಗೆ ಸಿಡಸತೈತಿ. ಫರಸಿ ಸಂದಿಗೆ ಚಪ್ಪಟಿ ಮೂತಿಯ ನಳಗಿ ಬೇಕು. ನವಲಗುಂದದ ಜಮಖಾನಿಗೆ ತಿರಗೋ ಬ್ರಶ್ ಹಚ್ಚಿದ್ರ ಗೊಂಡೆ ಸುತ್ತಿಕೊಂಡು ಎಳಿ ಬಿಚ್ಚತೈತಿ. ಬ್ರಶ್ ಇಲ್ಲದ ಬಾಯಿ ಹಾಕಿ, ಹಿಡಿಕಿ ಮ್ಯಾಲಿನ ಗಾಳಿ ಕಿಂಡಿ ಅರ್ಧ ತಗದು ಜಗ್ಗು ಇಳಸ್ರಿ. ಜಮಖಾನಿ ತುದಿಯನ್ನ ಕಾಲಿಂದ ಒತ್ತಿ, ನೇಯ್ಗಿ ಗುಂಟ ಎಳೀರಿ.

ಪ್ಲಗ್ ನೋಡ್ರಿ. 1,600 ವ್ಯಾಟಿನ ಮಷಿನ್ 230 ವೋಲ್ಟಿಗೆ ಹತ್ತರಹತ್ತರ 7 ಆಂಪಿಯರ್ ಎಳಿತೈತಿ, 6 ಆಂಪಿಯರಿನ ಸಣ್ಣ ಸಾಕೆಟಿಗೆ ಅದು ಹೆಚ್ಚು. ಹಳೇ ಮನ್ಯಾಗ 16 ಆಂಪಿಯರ್ ಸಾಕೆಟ್ ಇರೂದು ಅಡಗಿಮನ್ಯಾಗ ಒಂದು, ಬಚ್ಚಲದಾಗ ಒಂದು. ಪಡಸಾಲಿತನಕ ವೈಯರ್ ಮುಟ್ಟತೈತೇನು ಅಂತ ಮೊದಲ ಹಗ್ಗ ಹಿಡದು ಅಳೀರಿ. 1,200 ವ್ಯಾಟಿಂದಾದ್ರ 5 ಆಂಪಿಯರ್ ಚಿಲ್ಲರ, ಭಾಳ ಮನಿಗೆ ಅಷ್ಟ ಸಾಕು.

ಕೈಯಾಗ ಹಿಡಿಯೋ ವೈಯರ್ ಇಲ್ಲದ ಮಷಿನ್ ಎರಡನೇದಾಗಿ ಇರಲಿ, ಒಂದೇ ಮಷಿನ್ ಆಗಿ ಬ್ಯಾಡ. ಡಬ್ಬಿ ಅರ್ಧ ಲೀಟರಿನ ಆಜೂಬಾಜೂ, ಪೂರಾ ಜೋರಿನಾಗ ಬ್ಯಾಟರಿ ಹತ್ತು ನಿಮಿಷದ ಸುತ್ತಮುತ್ತ. ಬ್ಯಾಸಗಿ ಬಿಸಿಗೆ ಲಿಥಿಯಂ ಬ್ಯಾಟರಿ ಬೇಗ ಸೊರಗತೈತಿ, ಅದಕ್ಕ ಚಾರ್ಜಿಂಗ್ ಒಲಿ ಹತ್ತರ ಬ್ಯಾಡ. ರೋಬೋಟ್ ಬಗ್ಗೆ ಎರಡ ಮಾತು: ಸಾಧಾರಣ 2 ಸೆಂಟಿಮೀಟರ್ ಏರತಾವ, ನಮ್ಮ ಹೊಸ್ತಲಾ ಅದಕ್ಕಿಂತ ಎತ್ತರ. ಕಪ್ಪು ಕಡಪಾ ಕಲ್ಲು ಹಾಕಿದಲ್ಲಿ ಕೆಲವು ಅದನ್ನ ತಗ್ಗು ಅಂತ ತಿಳಕೊಂಡು ಹಿಂದ ಸರಿತಾವ. ಹೊಸ ಫ್ಲ್ಯಾಟಿಗೆ ಅಡ್ಡಿಯಿಲ್ಲ.

ಫಿಲ್ಟರ್ ಮ್ಯಾಲೆ "ತೊಳಿಯಬಹುದು" ಅಂತ ಹಾಕಿದ್ರ ಮಾತ್ರ ತೊಳೀರಿ. ನೆರಳಾಗ 24 ತಾಸು ಒಣಗಬೇಕು. ಧಾರವಾಡದ ಶ್ರಾವಣದ ಜಿಟಿಜಿಟಿ ಮಳ್ಯಾಗ ಎರಡು ದಿನ ಹಿಡಿತೈತಿ, ಅದಕ್ಕ ಜೋಡಿ ಫಿಲ್ಟರ್ ಇಟ್ಟಿರ್ರಿ. ಮೋಟರಿನ ಕಾರ್ಬನ್ ಬ್ರಶ್ (ತಿರಗೋ ಭಾಗಕ್ಕ ಕರೆಂಟ್ ಮುಟ್ಟಸೋ ಸಣ್ಣ ತುಂಡು) ಬದಲಿ ಮಾಡಾಕ ಬರತೈತೇನು ಅಂತನೂ ಕೇಳ್ರಿ. ಅದು ಸವದಾಗ ಕಿಡಿ ಕಾಣತೈತಿ, ಬ್ರಶ್ ಹಾಕಿದ್ರ ಮಷಿನ್ ಮತ್ತ ಓಡತೈತಿ. ನಳಗಿ ಹಿಡಿಕಿ ಹತ್ತರ ಸೀಳಿದ್ರ ಎರಡಿಂಚು ಕತ್ತರಿಸಿ ಮತ್ತ ಸಿಗಸಬಹುದು, ಬಹುತೇಕ ಮಷಿನಿಗೆ ಇದು ನಡಿತೈತಿ.

ಹಬ್ಬ ಮುಗದು ಅಟ್ಟಕ್ಕ ಏರಸೋಕಿಂತ ಮೊದಲ ಬ್ಯಾಗ್ ತಗೀರಿ, ಡ್ರಮ್ ಒಣ ಅರಿವಿಯಿಂದ ಒರಸ್ರಿ, ನಳಗಿಯನ್ನ ಮಡಚದ ದುಂಡಗ ಸುತ್ತಿ ಎರಡೂ ಬಾಯಿಗೆ ಅರಿವಿ ಕಟ್ರಿ. ಒಳಗ ಕಾಳು, ಹಿಟ್ಟಿನ ವಾಸನಿ ಉಳಿದ್ರ ಇಲಿ ಮೊದಲ ಕಡಿಯೂದು ನಳಗಿನ.