ಜಾಸ್ತಿ ಕೊಟ್ಟಿದ್ದರೆ ಲೆಕ್ಕ ತೋರಿಸಿ

ಕಲಬುರಗಿಯ ಬೇಳೆ ಮಿಲ್ಲೊಂದರ ಆಫೀಸು ಬಿಟ್ಟು ವರ್ಷವಾಯಿತು. ಈಗ ವಾಟ್ಸಾಪ್‌ನಲ್ಲಿ ಒಂದೇ ಸಾಲು: 'ನಿಮಗೆ ಸಂಬಳ ಜಾಸ್ತಿ ಹೋಗಿದೆ, 18,400 ವಾಪಸ್ ಹಾಕಿ.' ಯಾವ ತಿಂಗಳು, ಹೇಗೆ ಜಾಸ್ತಿ, ಏನೂ ಇಲ್ಲ. ಕೇಳಿದರೆ 'ಸಿಸ್ಟಮ್‌ನಲ್ಲಿ ತೋರಿಸ್ತಿದೆ' ಅಂತಾರೆ. ಅದೂ ಪಿಎಫ್ ಹಿಡಿಯುವ ಮುಂಚಿನ ಮೊತ್ತ! ಕೈಗೆ ಬರದ ದುಡ್ಡನ್ನೂ ನಾನೇ ತುಂಬಬೇಕಾ?

ನಿಜವಾಗಿ ಜಾಸ್ತಿ ಬಂದಿದ್ದರೆ ಕೊಡ್ತೀನಿ, ಬೇರೆಯವರ ದುಡ್ಡು ನನಗೆ ಬೇಡ. ತಿಂಗಳವಾರು ಲೆಕ್ಕ ಬರೆದು ಕೊಡಿ, ಕಂತಿನಲ್ಲಿ ಕಟ್ಟಲು ಬಿಡಿ. ಕೆಲಸದಲ್ಲಿರುವವರ ಸಂಬಳದಲ್ಲೇ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ ಅನ್ನುತ್ತದೆ 2019ರ ವೇತನ ಸಂಹಿತೆ. ನನ್ನಿಂದ ಮಾತ್ರ ಪೂರ್ತಿ ಒಂದೇ ಸಲ ಬೇಕಂತೆ. ಅಲ್ಲಿವರೆಗೆ ಅನುಭವ ಪತ್ರವೂ ಕೊಡಲ್ವಂತೆ. ಇದ್ಯಾವ ನ್ಯಾಯ? ದುಡಿದಿದ್ದು ಸುಳ್ಳಲ್ವಲ್ಲ. ಮೊದಲು ಪತ್ರ ಕೊಡಿ, ಲೆಕ್ಕ ಕೂತು ನೋಡೋಣ.