ಸ್ಪಷ್ಟನೆ: ಇಟಾಲಿಯನ್ ಕಲಿಯಲು ಪುಸ್ತಕವೊಂದೇ ಸಾಲದು

“ಇಟಾಲಿಯನ್ ಬರೆದಂತೆಯೇ ಓದುವ ಭಾಷೆ, ಹಾಗಾಗಿ ಪುಸ್ತಕ ಸಾಕು, ಆಡಿಯೊ ಬೇಡ” ಎಂಬ ಮಾತು ಹೊಸದಾಗಿ ಕಲಿಯುವವರ ನಡುವೆ ಹರಿದಾಡುತ್ತಿದೆ. ಮೊದಲರ್ಧ ಬಹುಮಟ್ಟಿಗೆ ನಿಜ. ಉಳಿದರ್ಧ ದಾರಿ ತಪ್ಪಿಸುತ್ತದೆ.

ಅಕ್ಷರಗಳ ನಿಯಮ ಬೇಗ ಕೈಗೆ ಬರುತ್ತದೆ: ‘ಸಿ’ (c) ಅಕ್ಷರದ ಮುಂದೆ ‘ಇ’ (e) ಅಥವಾ ‘ಐ’ (i) ಬಂದರೆ ಚಕಾರ, ನಡುವೆ ‘ಎಚ್’ (h) ಸೇರಿದರೆ ಕಕಾರ. ತೊಡಕಿರುವುದು ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಎಂಬುದರಲ್ಲಿ. ಒತ್ತು ಪದದ ಕೊನೆಗೆ ಬಿದ್ದಾಗ ಬರಹದಲ್ಲಿ ಗುರುತು ಇರುತ್ತದೆ, ‘ಚಿತ್ತಾ’ (ನಗರ) ಪದದಲ್ಲಿರುವಂತೆ. ಉಳಿದೆಡೆ ಸಾಮಾನ್ಯವಾಗಿ ಇರುವುದಿಲ್ಲ. ‘ಆಂಕೊರ’ ಎಂದು ಮೊದಲಿಗೆ ಒತ್ತಿದರೆ ಲಂಗರು, ‘ಅಂಕೋರ’ ಎಂದು ನಡುವೆ ಒತ್ತಿದರೆ ‘ಇನ್ನೂ’, ಇಟಾಲಿಯನ್ ಕಾಗುಣಿತ ಎರಡಕ್ಕೂ ಒಂದೇ (ancora)! ಹೆಚ್ಚಿನ ಪದಗಳಲ್ಲಿ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಬೀಳುವುದರಿಂದ, ಬರೀ ಓದಿ ಕಲಿತವರು ‘ಪರ್ಲಾನೊ’ ಎಂದುಬಿಡುತ್ತಾರೆ. ಸರಿಯಾದದ್ದು ‘ಪಾರ್ಲನೊ’ (ಅವರು ಮಾತಾಡುತ್ತಾರೆ). ಹೀಗೆ ಕೂತ ತಪ್ಪನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ವ್ಯಂಜನ ಒಂಟಿಯೋ ಜೋಡಿಯೋ ಎಂಬುದನ್ನೂ ಕಿವಿಗೊಟ್ಟು ಕೇಳಬೇಕು: ‘ನೋನೊ’ ಎಂದರೆ ಒಂಬತ್ತನೆಯ, ‘ನೊನ್ನೊ’ ಎಂದರೆ ಅಜ್ಜ. ಹಳಿ, ಹಳ್ಳಿ ಬೇರೆಯೆಂದು ಬಲ್ಲ ಕನ್ನಡದ ಕಿವಿಗೆ ಇದು ಸಲೀಸು.

ಪುಸ್ತಕ ಬಿಡಬೇಕಿಲ್ಲ, ಆಡಿಯೊ ಇರುವುದನ್ನೇ ಆರಿಸಿ. ದಿನಕ್ಕೆ 15–20 ನಿಮಿಷ ಸಾಕು. ಒಂದು ನಿಮಿಷದ ಸಂಭಾಷಣೆಯನ್ನು ಪಠ್ಯ ನೋಡದೆ ಎರಡು ಸಲ ಕೇಳಿ. ಮೂರನೆಯ ಸಲ ಪಠ್ಯದಲ್ಲಿ ಒತ್ತು ಬಿದ್ದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ, ನಂತರ ಧ್ವನಿಯೊಂದಿಗೇ ಗಟ್ಟಿಯಾಗಿ ಓದಿ. ಅನುಮಾನ ಬಂದ ಪದಕ್ಕೆ ಒತ್ತು ತೋರಿಸುವ ನಿಘಂಟು ನೋಡಿ.